ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವ

ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವವು 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆದ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ 39ನೆಯ ಅಧಿವೇಶನಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ ಅದೇ ನಗರದಲ್ಲಿ ಏರ್ಪಟ್ಟ ಸಮಾರಂಭ. ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಶತಮಾನೋತ್ಸವವನ್ನು ಕರ್ನಾಟಕ ಸರ್ಕಾರ ಮತ್ತು ಕಾಂಗ್ರೆಸ್ ಪಕ್ಷ ಏಕಕಾಲದಲ್ಲಿ ಆಚರಿಸಿದವು. 2024ರ ಡಿಸೆಂಬರ್ 26ರಂದು ಆರಂಭವಾದ ಸಮಾರಂಭವು ಮಾಜಿ ಪ್ರಧಾನಿ ಮನಮೋಹನ ಸಿಂಗ್ ಅವರ ನಿಧನದಿಂದಾಗಿ ಮಧ್ಯದಲ್ಲಿಯೇ ನಿಂತು, 2025ರ ಜನವರಿ 21ರಂದು ಪೂರ್ಣಗೊಂಡಿತು.

ಹಿನ್ನೆಲೆ

ಬೆಳಗಾವಿಗೆ ರಾಷ್ಟ್ರೀಯ ಚಳವಳಿಯ ನಂಟು 1924ಕ್ಕಿಂತ ಹಿಂದಿನದು. ಲೋಕಮಾನ್ಯ ಟಿಳಕರು ತಮ್ಮ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದ್ದು 1916ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ. 1920ರ ನಾಗಪುರ ಅಧಿವೇಶನವು ಭಾಷಾವಾರು ಪ್ರಾಂತ ಸಮಿತಿಗಳಿಗೆ ಒಪ್ಪಿಗೆ ಕೊಟ್ಟ ಬಳಿಕ ಕರ್ನಾಟಕಕ್ಕೆ ಪ್ರತ್ಯೇಕ ಕಾಂಗ್ರೆಸ್ ಸಮಿತಿ ದೊರೆಯಿತು. ಹುದಲಿ ಗ್ರಾಮದ ಗಂಗಾಧರರಾವ್ ದೇಶಪಾಂಡೆ (1871–1960) ಅದರ ಮೊದಲ ಅಧ್ಯಕ್ಷರಾದರು. 'ಕರ್ನಾಟಕ ಸಿಂಹ', 'ಖಾದಿ ಭಗೀರಥ' ಎಂಬ ಬಿರುದುಗಳಿಂದ ಪ್ರಸಿದ್ಧರಾದ ಇವರೇ 1924ರ ಸ್ವಾಗತ ಸಮಿತಿಯ ನೇತೃತ್ವ ವಹಿಸಿದರು.

ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಇಂದಿನ ಬಾಗಲಕೋಟೆ ಜಿಲ್ಲೆಯೊಂದನ್ನೇ ನೋಡಿದರೂ ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು, ಜಮಖಂಡಿ ಪಟವರ್ಧನರದು, ಬೀಳಗಿ ಬ್ರಿಟಿಷ್ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಮುಧೋಳ, ಜಮಖಂಡಿಯಂಥ ಸಂಸ್ಥಾನಗಳ ಒಳಾಡಳಿತದಲ್ಲಿ ಕೈಹಾಕುವುದಿಲ್ಲವೆಂಬುದು ಅಂದಿನ ಕಾಂಗ್ರೆಸ್ಸಿನ ನೀತಿ. ಆದರೂ ಸಂಸ್ಥಾನಗಳ ಪ್ರಜೆಗಳು ಕಾಂಗ್ರೆಸ್ಸಿನ ಸದಸ್ಯರಾಗಲು ಅಡ್ಡಿಯಿರಲಿಲ್ಲ. ಜಮಖಂಡಿಯ ಕಡೆಯಿಂದ ಬೆಳಗಾವಿಗೆ ಹೊರಟವರಿಗೆ ಕುಡಚಿಯೇ ಸಮೀಪದ ರೈಲು ನಿಲ್ದಾಣ. ಬೇರೆ ಬೇರೆ ದೊರೆಗಳ ಅಧೀನದಲ್ಲಿದ್ದ ಕನ್ನಡಿಗರು ಒಂದೇ ಚಪ್ಪರದಡಿ ಕುಳಿತರೆಂಬುದು ಈ ಅಧಿವೇಶನಕ್ಕೆ ಕರ್ನಾಟಕದ ಇತಿಹಾಸದಲ್ಲಿರುವ ವಿಶೇಷ ಮಹತ್ತ್ವ. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಗೀತೆಯನ್ನು ಅಧಿವೇಶನದಲ್ಲಿ ಹಾಡಲಾಯಿತು. ಮುಂದೆ ಹಿಂದುಸ್ತಾನಿ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ ಗಂಗೂಬಾಯಿ ಹಾನಗಲ್ ಬಾಲಕಿಯಾಗಿ ಇಲ್ಲಿ ಹಾಡಿದ್ದರು.

1924ರ ಸ್ವಾಗತ ಸಮಿತಿ ಮತ್ತು ಅದರ ಲೆಕ್ಕಪತ್ರ

ಶತಮಾನೋತ್ಸವದ ಖರ್ಚಿನ ಬಗ್ಗೆ ನಡೆದ ಚರ್ಚೆಗಳಲ್ಲಿ ಮೂಲ ಅಧಿವೇಶನದ ಲೆಕ್ಕಪತ್ರದ ಪ್ರಸ್ತಾಪ ಬರುವುದು ಸಹಜ. ಆದ್ದರಿಂದ ಅದನ್ನು ತುಸು ವಿವರವಾಗಿ ತಿಳಿಯುವುದು ಅವಶ್ಯ.

ಕಾಂಗ್ರೆಸ್ಸಿನ ಪದ್ಧತಿಯಂತೆ ಅಧಿವೇಶನ ನಡೆಸುವ ಹೊಣೆ ಆಯಾ ಪ್ರಾಂತ ರಚಿಸುವ ಸ್ವಾಗತ ಸಮಿತಿಯದು. ಸಮಿತಿಯ ಸದಸ್ಯರು ಕೊಡುವ ಶುಲ್ಕ, ಪ್ರತಿನಿಧಿಗಳ ಶುಲ್ಕ, ಪ್ರೇಕ್ಷಕರ ಪ್ರವೇಶ ಚೀಟಿಗಳ ಮಾರಾಟ ಮತ್ತು ಊರವರ ದೇಣಿಗೆ ಇವೇ ಆದಾಯದ ಮೂಲಗಳು. ಸರ್ಕಾರ ಪರಕೀಯರದಾದ್ದರಿಂದ ಬೊಕ್ಕಸದ ಹಣದ ಮಾತೇ ಏಳುವಂತಿರಲಿಲ್ಲ. ಸಾಲದ್ದಕ್ಕೆ ಬೆಳಗಾವಿಯಲ್ಲಿ ಪ್ರತಿನಿಧಿ ಶುಲ್ಕವನ್ನು 10 ರೂಪಾಯಿಯಿಂದ 1 ರೂಪಾಯಿಗೆ ಇಳಿಸಲಾಗಿತ್ತು. ಬಡವರೂ ಪ್ರತಿನಿಧಿಗಳಾಗಿ ಬರಲೆಂಬುದು ಉದ್ದೇಶವಾದರೂ ಸಮಿತಿಯ ಕೈ ಇದರಿಂದ ಬಿಗಿಯಾಯಿತೆಂಬುದು ಸ್ಪಷ್ಟ.

ಇಂದಿನ ಟಿಳಕವಾಡಿ ಪ್ರದೇಶದ ಬಯಲಿನಲ್ಲಿ 'ವಿಜಯನಗರ' ಎಂಬ ಹೆಸರಿನ ತಾತ್ಕಾಲಿಕ ನಗರವನ್ನು ನಿರ್ಮಿಸಲಾಯಿತು. ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರವನ್ನು ಹೋಲುವ ಮಹಾದ್ವಾರ ಅದಕ್ಕಿತ್ತು. ಪ್ರತಿನಿಧಿಗಳು ಇಳಿಯಲು ಅಲ್ಲಿಯೇ ತಾತ್ಕಾಲಿಕ ರೈಲು ನಿಲ್ದಾಣದ ಏರ್ಪಾಡೂ ಆಯಿತು. ನೀರಿಗಾಗಿ ತೋಡಿಸಿದ ಬಾವಿಗೆ 'ಪಂಪಾ ಸರೋವರ' ಎಂದು ಹೆಸರಿಟ್ಟರು. ಬಾವಿಗೆ ತಗುಲಿದ ವೆಚ್ಚ 4,370 ರೂಪಾಯಿ 3 ಆಣೆ. ಆಗ ರೂಪಾಯಿಗೆ 16 ಆಣೆ. ಮೂರು ಆಣೆಯನ್ನೂ ಬಿಡದೆ ಬರೆದಿಟ್ಟಿರುವುದನ್ನು ಗಮನಿಸಬೇಕು. ಸಭಾಮಂಟಪಕ್ಕೆ ಬೇಕಾದ ದೊಡ್ಡ ಡೇರೆಯನ್ನು ಹೊಸದಾಗಿ ಹೊಲಿಸದೆ ಸರ್ಕಸ್ ಕಂಪನಿಯೊಂದರಿಂದ 5,000 ರೂಪಾಯಿ ಬಾಡಿಗೆಗೆ ತಂದರು. ಬೆಂಕಿ ಬಿದ್ದರೆ ನಷ್ಟವಾಗಬಾರದೆಂದು 500 ರೂಪಾಯಿ ಕೊಟ್ಟು ವಿಮೆ ಮಾಡಿಸಿದರು. ಗಾಂಧೀಜಿಯವರಿಗಾಗಿ ಬಿದಿರು ಮತ್ತು ಖಾದಿಯಿಂದ ಕಟ್ಟಿದ ಕುಟೀರದ ವೆಚ್ಚ 350 ರೂಪಾಯಿ. ಎಲ್ಲ ಖರ್ಚು ಕಳೆದು 773 ರೂಪಾಯಿ ಉಳಿಯಿತೆಂದು ದಾಖಲಾಗಿದೆ. ಉತ್ಸವ ಮುಗಿದ ಮೇಲೆ ಸಮಿತಿಗಳು ಸಾಲದಲ್ಲಿ ಉಳಿಯುವುದೇ ವಾಡಿಕೆಯಾಗಿರುವಾಗ ಈ ಉಳಿಕೆ ಸಣ್ಣದಾದರೂ ಅಪರೂಪದ್ದು.

ಕೂಲಿಯ ಖರ್ಚು ತಗ್ಗಲು ಸ್ವಯಂಸೇವಕರು ಕಾರಣರಾದರು. ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳವು ಶಿಸ್ತಿನ ಹೊಣೆ ಹೊತ್ತಿತು. ಶಿಬಿರದ ನೈರ್ಮಲ್ಯದ ಕೆಲಸವನ್ನು ಮೇಲ್ಜಾತಿಯ ಯುವಕರೂ ಕೈಯಾರೆ ಮಾಡಿದರು. ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿ ನಡೆಸಿದ್ದ ಪ್ರಚಾರದ ಹಿನ್ನೆಲೆಯಲ್ಲಿ ಇದು ಕೇವಲ ಮಿತವ್ಯಯದ ವಿಷಯವಾಗಿರಲಿಲ್ಲ.

ಅಧಿವೇಶನದ ನಿರ್ಣಯಗಳಲ್ಲಿ ಎರಡನ್ನು ಇಲ್ಲಿ ಹೇಳಿದರೆ ಸಾಕು. ಗಾಂಧೀಜಿ ಮತ್ತು ಸ್ವರಾಜ್ಯ ಪಕ್ಷದ ಚಿತ್ತರಂಜನ ದಾಸ್, ಮೋತಿಲಾಲ ನೆಹರೂ ಅವರ ನಡುವೆ ಆಗಿದ್ದ ಒಪ್ಪಂದಕ್ಕೆ ಸಮ್ಮತಿ ದೊರೆತು, ಎರಡು ಬಣಗಳಾಗಿದ್ದ ಕಾಂಗ್ರೆಸ್ ಒಡೆಯದೆ ಉಳಿಯಿತು. ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಬಂತು. ರಬಕವಿ-ಬನಹಟ್ಟಿಯಂಥ ನೇಕಾರಿಕೆಯ ಊರುಗಳವರಿಗೆ ಈ ನೂಲಿನ ಅಳತೆ ಸುಲಭವಾಗಿ ತಿಳಿಯುವಂಥದು. ಆದರೆ ದೇಶದ ಉಳಿದ ಕಡೆ ಅದು ಕಷ್ಟವೆನಿಸಿ, 1925ರ ಸೆಪ್ಟೆಂಬರ್‌ನಲ್ಲಿಯೇ ನೂಲು ಇಲ್ಲವೆ ನಾಲ್ಕಾಣೆ ಎಂದು ಸಡಿಲಿಸಬೇಕಾಯಿತು.

ಸ್ಮಾರಕಗಳು

ಬಿದಿರು, ಬಟ್ಟೆಗಳ ವಿಜಯನಗರ ಅಧಿವೇಶನದ ಬಳಿಕ ಉಳಿಯಲಿಲ್ಲ. ಉಳಿದದ್ದು ಬಾವಿ. 'ಕಾಂಗ್ರೆಸ್ ಬಾವಿ' ಎಂಬ ಹೆಸರೇ ಜನರ ಬಾಯಲ್ಲಿ ನಿಂತಿದೆ. ಅದರ ಬಳಿ ಗಾಂಧೀಜಿಯವರ ಪ್ರತಿಮೆ ಮತ್ತು ಅಧಿವೇಶನದ ಚಿತ್ರಗಳಿರುವ 'ವೀರಸೌಧ' ಸ್ಮಾರಕ ಭವನವಿದೆ. ಪಕ್ಕದ ಮಾರ್ಗವನ್ನು 'ಕಾಂಗ್ರೆಸ್ ರಸ್ತೆ' ಎಂದು ಕರೆಯುತ್ತಾರೆ.

ಶತಮಾನೋತ್ಸವದ ಸಿದ್ಧತೆ

ಕರ್ನಾಟಕ ಸರ್ಕಾರವು ಶತಮಾನೋತ್ಸವವನ್ನು 'ಗಾಂಧಿ ಭಾರತ' ಎಂಬ ಹೆಸರಿನಲ್ಲಿ ಕೈಗೆತ್ತಿಕೊಂಡಿತು. ಸಚಿವ ಎಚ್.ಕೆ. ಪಾಟೀಲ ಅವರು ಅದರ ಯೋಜನೆಯ ಮುಂಚೂಣಿಯಲ್ಲಿದ್ದರು. ಪಕ್ಷದ ಕಡೆಯ ಏರ್ಪಾಡುಗಳನ್ನು ಉಪಮುಖ್ಯಮಂತ್ರಿಯೂ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರೂ ಆದ ಡಿ.ಕೆ. ಶಿವಕುಮಾರ್ ನೋಡಿಕೊಂಡರು. ಒಬ್ಬರೇ ವ್ಯಕ್ತಿಯಲ್ಲಿ ಎರಡೂ ಹುದ್ದೆಗಳು ಸೇರಿದ್ದು ಮುಂದಿನ ವಿವಾದವನ್ನು ಅರ್ಥ ಮಾಡಿಕೊಳ್ಳಲು ನೆರವಾಗುವ ಸಂಗತಿ. ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷ ಸ್ಥಾನದಲ್ಲಿ ಆಗ ಕರ್ನಾಟಕದವರೇ ಆದ ಮಲ್ಲಿಕಾರ್ಜುನ ಖರ್ಗೆ ಇದ್ದರು.

ಬೆಳಗಾವಿ ಜಿಲ್ಲೆಗೆ ಅದು ಉತ್ಸವಗಳ ವರ್ಷವೇ ಆಗಿತ್ತು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಬ್ರಿಟಿಷರ ಮೇಲೆ ಸಾಧಿಸಿದ ಜಯದ 200ನೆಯ ವರ್ಷದ ಕಿತ್ತೂರು ಉತ್ಸವ ಎರಡು ತಿಂಗಳ ಹಿಂದಷ್ಟೇ ಮುಗಿದಿತ್ತು. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಡೆಯಿತು. ಅದರ ಬೆನ್ನಿಗೇ ಶತಮಾನೋತ್ಸವ ಬಂತು. ಮೈಸೂರು ದಸರಾ ಮಾದರಿಯಲ್ಲಿ ನಗರದ ರಸ್ತೆಗಳಿಗೆ, ವೃತ್ತಗಳಿಗೆ ದೀಪಾಲಂಕಾರ ಮಾಡಲಾಯಿತು.

ಕಾರ್ಯಕ್ರಮಗಳನ್ನು ಎರಡು ದಿನಗಳಿಗೆ ಹಂಚಲಾಗಿತ್ತು. ಡಿಸೆಂಬರ್ 26ರಂದು ಮೂಲ ಅಧಿವೇಶನದ ಸ್ಥಳದಲ್ಲಿಯೇ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ವಿಸ್ತೃತ ಸಭೆ. 27ರಂದು ಸುವರ್ಣ ವಿಧಾನಸೌಧದ ಆವರಣದಲ್ಲಿ ಗಾಂಧಿ ಪ್ರತಿಮೆಯ ಅನಾವರಣ ಮತ್ತು ಸಿಪಿಇಡಿ ಮೈದಾನದಲ್ಲಿ 'ಜೈ ಬಾಪು, ಜೈ ಭೀಮ್, ಜೈ ಸಂವಿಧಾನ' ಸಮಾವೇಶ. ಇವುಗಳಲ್ಲಿ ಪ್ರತಿಮೆ ಸರ್ಕಾರದ್ದು. ಸಭೆ ಮತ್ತು ಸಮಾವೇಶ ಪಕ್ಷದವು.

ಆಚರಣೆ ಮತ್ತು ಮುಂದೂಡಿಕೆ

'ನವ ಸತ್ಯಾಗ್ರಹ ಬೈಠಕ್' ಎಂದು ಹೆಸರಿಟ್ಟ ಕಾರ್ಯಕಾರಿ ಸಮಿತಿಯ ಸಭೆ ನಿಗದಿಯಂತೆ ಡಿಸೆಂಬರ್ 26ರ ಮಧ್ಯಾಹ್ನ ಸೇರಿತು. ಖರ್ಗೆ, ರಾಹುಲ್ ಗಾಂಧಿ ಮೊದಲಾದವರು ಪಾಲ್ಗೊಂಡರು. ಬರಲಾಗದ ಸೋನಿಯಾ ಗಾಂಧಿಯವರು ಲಿಖಿತ ಸಂದೇಶ ಕಳುಹಿಸಿದರು. ಅದೇ ರಾತ್ರಿ ದೆಹಲಿಯಲ್ಲಿ ಮನಮೋಹನ ಸಿಂಗ್ ನಿಧನರಾದರು. ಮರುದಿನದ ಕಾರ್ಯಕ್ರಮಗಳನ್ನೆಲ್ಲ ರದ್ದುಪಡಿಸಿ, ನಾಯಕರು ದೆಹಲಿಗೆ ಮರಳಿದರು. ಜನರಿಗಾಗಿ ಸಜ್ಜುಗೊಳಿಸಿದ್ದ ವೇದಿಕೆ, ಆಸನಗಳು ಬಳಕೆಯಾಗದೆ ಉಳಿದವು. ನಿಶ್ಚಿತ ದಿನಾಂಕಕ್ಕೆ ಕಟ್ಟುಬಿದ್ದ ವಾರ್ಷಿಕೋತ್ಸವಗಳಿಗೆ ಇಂಥ ಅಪಾಯ ಇದ್ದೇ ಇರುತ್ತದೆ: ಸಿದ್ಧತೆಗೆ ಮಾಡಿದ ವೆಚ್ಚ ಮರಳುವುದಿಲ್ಲ, ಮುಂದೂಡಿದರೆ ಆ ದಿನದ ಅರ್ಥವೂ ಉಳಿಯುವುದಿಲ್ಲ.

2025ರ ಜನವರಿ 21ರಂದು ಖರ್ಗೆಯವರು ಸುವರ್ಣ ವಿಧಾನಸೌಧದ ಎದುರು ಗಾಂಧಿ ಪ್ರತಿಮೆಯನ್ನು ಅನಾವರಣಗೊಳಿಸಿದರು. ಅದೇ ದಿನ ಸಿಪಿಇಡಿ ಮೈದಾನದ ಸಮಾವೇಶದಲ್ಲಿ ಪ್ರಿಯಾಂಕಾ ಗಾಂಧಿ, ಮುಖ್ಯಮಂತ್ರಿ ಸಿದ್ದರಾಮಯ್ಯ ಮುಂತಾದವರು ಭಾಗವಹಿಸಿದರು.

ವಿವಾದಗಳು

ಪಕ್ಷದ ಸಮಾರಂಭಕ್ಕೆ ಸರ್ಕಾರದ ಹಣ ಬಳಸಲಾಗುತ್ತಿದೆ ಎಂಬುದು ವಿರೋಧ ಪಕ್ಷವಾದ ಭಾರತೀಯ ಜನತಾ ಪಕ್ಷದ ಮುಖ್ಯ ಆಕ್ಷೇಪ. 1924ರ ಕಾಂಗ್ರೆಸ್ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಎಲ್ಲರ ವೇದಿಕೆಯಾಗಿತ್ತು, ಅದನ್ನು ಇಂದಿನ ಒಂದು ಪಕ್ಷದ ಆಸ್ತಿಯೆಂದು ಭಾವಿಸಬಾರದು ಎಂಬುದು ಈ ಬಗೆಯ ಟೀಕೆಯ ತಿರುಳು. ಗಾಂಧೀಜಿ ಇಡೀ ರಾಷ್ಟ್ರಕ್ಕೆ ಸೇರಿದವರಾದ್ದರಿಂದ ಅವರ ಸ್ಮರಣೆ ಸರ್ಕಾರದ ಕರ್ತವ್ಯವೇ ಆಗಿದೆ ಎಂಬುದು ಆಚರಣೆಯ ಪರವಾದ ವಾದ. ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಒಂದೇ ನಗರದಲ್ಲಿ, ಒಂದೇ ಅವಧಿಯಲ್ಲಿ, ಅದೇ ನಾಯಕರ ಸಮ್ಮುಖದಲ್ಲಿ ಎರಡೂ ಬಗೆಯ ಸಮಾರಂಭಗಳು ನಡೆದಾಗ ಯಾವ ದೀಪ ಸರ್ಕಾರದ್ದು, ಯಾವ ಚಪ್ಪರ ಪಕ್ಷದ್ದು ಎಂದು ಸಾಮಾನ್ಯ ನೋಡುಗನಿಗೆ ತಿಳಿಯುವುದು ಕಷ್ಟ. 1924ರ ಸಮಿತಿಗೆ ಈ ತೊಡಕು ಇರಲಿಲ್ಲ.

ಡಿಸೆಂಬರ್ 26ರಂದು ನಗರದಲ್ಲಿ ಹಾಕಿದ್ದ ಕೆಲವು ಸ್ವಾಗತ ಫಲಕಗಳಲ್ಲಿ ಭಾರತದ ಭೂಪಟ ತಪ್ಪಾಗಿದೆ ಎಂಬ ದೂರೂ ಎದ್ದಿತು. ಕಾಶ್ಮೀರದ ಭಾಗವೊಂದು ಭೂಪಟದಲ್ಲಿ ಕಾಣೆಯಾಗಿದ್ದುದು ಆಕ್ಷೇಪಕ್ಕೆ ಕಾರಣ.