ಹಿತ್ತಲ ಬಾವಿಯ ಲೆಕ್ಕ

ಬರಗಾಲದ ಚರಿತ್ರೆ ಬರೆಯುವಾಗ ನಾವು ಹೊಲ ಎಣಿಸುತ್ತೇವೆ, ಕೆರೆ ಎಣಿಸುತ್ತೇವೆ, ಸತ್ತವರನ್ನೂ ಎಣಿಸುತ್ತೇವೆ. ಮನೆಯ ಹಿಂದಿನ ನುಗ್ಗೆ, ಕರಿಬೇವು, ನಾಲ್ಕು ಬದನೆ ಗಿಡ ಯಾವ ದಫ್ತರಕ್ಕೂ ಏರುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಿತ್ತಲುಗಳನ್ನು ಕಾಪಾಡಿದ್ದು ಬಚ್ಚಲ ನೀರು. ಮುಖ ತೊಳೆದ, ಪಾತ್ರೆ ಬೆಳಗಿದ ನೀರು ಗಿಡದ ಬುಡಕ್ಕೇ ಹೋಗಬೇಕು, ಬುಡಕ್ಕೆ ತರಗೆಲೆ ಮುಚ್ಚಿರಬೇಕು. ಅದು ಸಾಲದಾದರೆ ಬಾವಿ.

ಬಾವಿಗೆ ಸರಕಾರಿ ಚರಿತ್ರೆಯೂ ಇದೆ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. ಏಳು ವರ್ಷ ಕಂದಾಯ ವಸೂಲು ಮಾಡಿದ ಮೇಲೆ, 1807ರಲ್ಲಿ ಅವನೇ ಮದ್ರಾಸಿಗೆ ಬರೆದ: ಎಲ್ಲ ಜಮೀನಿನ ಕಂದಾಯ ಶೇ. 25ರಷ್ಟು ಇಳಿಯಲಿ, ಬಾವಿಯಿಂದಲೋ ಹಳ್ಳದಿಂದಲೋ ನೀರೆತ್ತಿ ಬೆಳೆಯುವ ಜಮೀನಿಗೆ ಇನ್ನೂ ಶೇ. 8 ಇಳಿಯಲಿ, ಬಾವಿಯ ದುರಸ್ತಿ ಮಾತ್ರ ರೈತನದೇ. ಆಗ ಮದ್ರಾಸು ಒಪ್ಪಲಿಲ್ಲ, ಊರುಗಳನ್ನೇ ಗುತ್ತಿಗೆಗೆ ಕೊಟ್ಟಿತು. ಮನ್ರೋ ಗವರ್ನರಾಗಿ ಮರಳಿದ ಮೇಲೆಯೇ ಇಳಿಕೆಗೆ ದಾರಿಯಾದದ್ದು. ಅವನೇನೂ ಸಂತನಲ್ಲ. ಬಾವಿ ಉಳಿದರೆ ರೈತ ಉಳಿಯುತ್ತಾನೆ, ರೈತ ಉಳಿದರೆ ಕಂದಾಯ ಉಳಿಯುತ್ತದೆ ಎಂಬ ಲೆಕ್ಕ ಅವನದಿರಬೇಕು. ಆದರೂ ತನ್ನ ಖರ್ಚಿನಲ್ಲಿ ನೀರು ಕಾಯುವವನ ಮೇಲೆ ಹೊರೆ ಕಡಿಮೆಯಿರಲಿ ಎಂದನಲ್ಲ, ಆ ಮಾತು ನಮಗೆ ಇಂದಿಗೂ ಬೇಕು.

1876ರಲ್ಲಿ ಮಳೆ ಕೈಕೊಟ್ಟಾಗ ಹಿತ್ತಲ ಮಾತೇ ಉಳಿಯಲಿಲ್ಲ. 1877ರಲ್ಲಿ ಸರಕಾರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸಿಗೆ ಇಳಿಸಿತು. 1871ಕ್ಕೂ 1881ಕ್ಕೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿಯಿತು. ಸೇದುವ ಕೈಯೇ ಇಲ್ಲದಲ್ಲಿ ಗಿಡಕ್ಕೆ ನೀರೆಲ್ಲಿಯದು?

ಹಡಗಲಿಯ ಮಲ್ಲಿಗೆ ಮಾತ್ರ ಹೆಸರು ಪಡೆಯಿತು, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ವಿಜಯನಗರದ ಅರಸರಿಗೆ ಇಲ್ಲಿಂದ ಹೂ ಹೋಗುತ್ತಿತ್ತೆಂದು ಜನ ಹೇಳುತ್ತಾರೆ. ಆದರೆ ಮಲ್ಲಿಗೆ ಅರಳುವುದು ಬೇಸಿಗೆಯಲ್ಲಿ, ಬಾವಿಯ ತಳ ಕಾಣುವ ಹೊತ್ತಿನಲ್ಲೇ. ಆಗ ಮನೆಗೆ ಕೊಡವೋ ಬಳ್ಳಿಗೆ ಕೊಡವೋ ಎಂದು ತೀರ್ಮಾನಿಸುವವಳು ನೀರು ಹೊರುವ ಹೆಂಗಸು. ಅವಳ ತೀರ್ಪನ್ನು ಯಾವ ಗೆಜೆಟಿಯರೂ ಬರೆದಿಡಲಿಲ್ಲ.

ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಮಳೆಗೆ ಈ ನಕ್ಷೆಗಳ ಹಂಗಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನೂರಾರು ಅಡಿ ಇಳಿಯುವ ಬೋರ್‌ವೆಲ್ ಪಕ್ಕದ ತೆರೆದ ಬಾವಿಯ ಒಸರನ್ನು ಎಳೆದುಕೊಳ್ಳುತ್ತದೆ. ಬತ್ತಿದ ಬಾವಿಗೆ ಊರು ಕಸ ಸುರಿಯುತ್ತದೆ. ಬಚ್ಚಲ ನೀರೂ ಈಗ ಸಿಮೆಂಟ್ ಚರಂಡಿ ಹಿಡಿದು ಬೀದಿಗೆ ಹೋಗುತ್ತಿದೆ.