ಕೌಲಿಯ ಬೆಸುಗೆ

ಆಕ್ಸ್‌ಫರ್ಡ್ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ವಿಶ್ವವಿದ್ಯಾಲಯ. ನಾನಿರುವುದು ಅದರ ಅಂಚಿನ ಕೌಲಿಯಲ್ಲಿ, ಕಾರ್ಖಾನೆಗಳ ನೆರೆಯಲ್ಲಿ. ನನ್ನ ಷೆಡ್ಡಿನಲ್ಲಿ 1957ರ ಒಂದು ಮಾರಿಸ್ ಆಕ್ಸ್‌ಫರ್ಡ್ ಕಾರಿದೆ. ಮೈಸೂರಿನಿಂದ ಬಂದಿದ್ದ ಅಣ್ಣ ನೋಡಿದವನೇ, "ಇದು ನಮ್ಮ ಅಂಬಾಸಿಡರ್ ಅಲ್ವೇನೋ!" ಎಂದ. ಅವನ ಮಾತು ತಪ್ಪಲ್ಲ. ಇದರ ಮೂರನೆಯ ಸರಣಿಯೇ ಅಂಬಾಸಿಡರ್‌ನ ಮೂಲ. ಬಂಗಾಳದ ಉತ್ತರಪಾರಾದಲ್ಲಿ ಅದು 2014ರವರೆಗೂ ತಯಾರಾಯಿತು. ಅಪ್ಪ ಓಡಿಸುತ್ತಿದ್ದ ಟ್ಯಾಕ್ಸಿಯೂ ಅದೇ.

ಹೋದ ಚಳಿಗಾಲದಲ್ಲಿ ಬಾಗಿಲ ಕೆಳಗಿನ ಉದ್ದ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಬಣ್ಣದಡಿಯ ಪುಟ್ಟಿ ಉದುರಿತು. ಒಳಗೆ ಎರಡು ತಗಡುಗಳು ಬಾಯಿಬಿಟ್ಟಿದ್ದವು. ಹಿಂದೆ ಯಾರೋ ಮುಚ್ಚಿಟ್ಟಿದ್ದರು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಮೂಳೆ. ಮೇ ತಿಂಗಳಲ್ಲಿ ಮಗಳ ಮದುವೆ. ಇದೇ ಕಾರಿನಲ್ಲಿ ಹೋಗುತ್ತೇನೆಂದು ಅವಳ ಹಟ.

ಮೊದಲೆಲ್ಲ ಕಾರಿನ ಮೈ ಎಂದರೆ ಮರದ ಚೌಕಟ್ಟಿಗೆ ಹೊಡೆದ ತಗಡು. ವಿದ್ಯುತ್ ಹರಿಸಿ ಲೋಹ ಬೆಸೆಯುವ ವಿಧಾನಕ್ಕೆ ಎಲಿಹು ಥಾಮ್ಸನ್ 1886ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಪೂರ್ತಿ ಉಕ್ಕಿನ ಮೈ ಮಾಡಿ ತೋರಿಸಿದರು. 1926ರಲ್ಲಿ ವಿಲಿಯಂ ಮಾರಿಸ್ ಬಡ್ ಕಂಪನಿಯೊಡನೆ ಸೇರಿ ಕೌಲಿಯಲ್ಲಿ ಪ್ರೆಸ್ಡ್ ಸ್ಟೀಲ್ ಕಂಪನಿ ಕಟ್ಟಿದರು. ಇಂದು ಅದೇ ಜಾಗದಲ್ಲಿ ಮಿನಿ ಕಾರುಗಳು ತಯಾರಾಗುತ್ತವೆ.

ಸ್ಪಾಟ್ ವೆಲ್ಡ್‌ನಲ್ಲಿ ಎರಡು ತಾಮ್ರದ ತುದಿಗಳು ತಗಡುಗಳನ್ನು ಅದುಮಿ ಹಿಡಿಯುತ್ತವೆ. ಸಾವಿರಾರು ಆಂಪಿಯರ್ ವಿದ್ಯುತ್ತು ಕ್ಷಣಮಾತ್ರ ಹರಿದು, ನಡುವೆ ಗುಂಡಿಯಷ್ಟು ಲೋಹ ಕರಗಿ ಒಂದಾಗುತ್ತದೆ. ಆದರೆ ಎರಡು ಚುಕ್ಕೆಗಳ ನಡುವೆ ಸಂದು ಉಳಿಯುತ್ತದೆ. ಅಲ್ಲಿಗೆ ನೀರು, ಇಲ್ಲಿಯ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಸೇರುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬಿ ಬೆಸುಗೆಯನ್ನೇ ಕಿತ್ತುಹಾಕುತ್ತದೆ.

ಮೊದಲು ಕಾರಿಗೆ ಸಮವಾಗಿ ಆಸರೆ ಕೊಟ್ಟು, ಬಾಗಿಲ ಕಂಡಿಗೆ ಅಡ್ಡಪಟ್ಟಿ ಬಿಗಿದೆ. ಇಲ್ಲದಿದ್ದರೆ ಮೈ ಜಗ್ಗಿ ಬಾಗಿಲು ಕೂರುವುದಿಲ್ಲ. ಹಳೆಯ ಚುಕ್ಕೆಗಳನ್ನು ಮೇಲಿನ ತಗಡಿನಷ್ಟೇ ಆಳಕ್ಕೆ ಕೊರೆದು, ತೆಳು ಉಳಿಯಿಂದ ಬಿಡಿಸಿದೆ. ಕೊಳೆತದ್ದನ್ನು ಕತ್ತರಿಸಿ, ಉಳಿದದ್ದನ್ನು ಹೊಳೆಯುವವರೆಗೆ ಉಜ್ಜಿ, ಸತುವಿನ ಪ್ರೈಮರ್ ಬಳಿದೆ. ಹೊಸ ಪಟ್ಟಿಯ ಅಂಚಿನಲ್ಲಿ ಎಂಟು ಮಿಲಿಮೀಟರ್ ತೂತುಗಳನ್ನು ಕೊರೆದು, ಬೆಸುಗೆ ಬೀಳುವ ಜಾಗದ ಪ್ರೈಮರ್ ಕೆರೆದು, ಕ್ಲ್ಯಾಂಪ್ ಬಿಗಿದು, ತೂತುಗಳನ್ನು ಮಿಗ್ ವೆಲ್ಡಿಂಗ್‌ನಿಂದ ತುಂಬಿದೆ. ಅದಕ್ಕೂ ಮುಂಚೆ ಚೂರು ತಗಡುಗಳನ್ನು ಬೆಸೆದು ಸುಲಿದು ನೋಡಿದ್ದೆ. ಬೆಸುಗೆ ಗಟ್ಟಿಯಿದ್ದರೆ ತಗಡು ಹರಿಯಬೇಕು, ಬೆಸುಗೆ ಬಿಡಬಾರದು. ಮೊದಲ ಮೂರು ಬಿಟ್ಟವು.

40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರಿಂದ ಇಲ್ಲಿ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಟಿಂಕರಿಂಗ್ ಷೆಡ್ಡಿನ ಸಾಹೇಬರು ಅಪ್ಪನಿಗೆ ಹೇಳಿದ್ದು ಕಿವಿಯಲ್ಲಿತ್ತು: "ಪುಟ್ಟಿ ಕಣ್ಣಿಗೆ ಸ್ವಾಮಿ, ಗಾಡಿಗಲ್ಲ." ಆದರೂ ತಪಾಸಣೆಗೆ ಒಯ್ದೆ. ಪರೀಕ್ಷಕರು ಕೆಳಗೆ ದೀಪ ಹಿಡಿದು, ಬೆಸುಗೆಗಳನ್ನು ಒಂದೊಂದಾಗಿ ನೋಡಿ, ತಲೆಯಾಡಿಸಿದರು.

ಮೇ ತಿಂಗಳಲ್ಲಿ ಮಗಳು ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲೆಳೆದಳು. ಅಪ್ಪನ ಟ್ಯಾಕ್ಸಿಯ ಬಾಗಿಲಿನದೇ ಸದ್ದು.