ಎಲೆಗೊಂದು ತಿಪ್ಪೆ ಇತ್ತು

ಕಡ್ಡಿ ಚುಚ್ಚಿ ಹಚ್ಚಿದ ಮುತ್ತುಗದ ಊಟದೆಲೆ ನಮ್ಮ ಹಳ್ಳಿಗಳಲ್ಲಿ ಕಸವೆನಿಸಿಕೊಂಡದ್ದೇ ಇಲ್ಲ. ಪಂಕ್ತಿ ಎದ್ದ ಮೇಲೆ ಅದು ತಿಪ್ಪೆ ಸೇರಿ, ಸಗಣಿ, ಗಂಜಲ, ಒಲೆಯ ಬೂದಿಯ ಜೊತೆ ಕೊಳೆತು, ಮುಂಗಾರಿಗೆ ಮುನ್ನ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಎಲೆಯ ಗುಣದಷ್ಟೇ ತಿಪ್ಪೆಯೂ ಮುಖ್ಯವಾಗಿತ್ತು. ಜೈವಿಕ ಪ್ಲಾಸ್ಟಿಕ್ಕಿನ ಚರಿತ್ರೆಯಲ್ಲಿ ಬಿಟ್ಟುಹೋದದ್ದು ಈ ತಿಪ್ಪೆಯೇ. 1926ರಲ್ಲಿ ಫ್ರಾನ್ಸಿನ ಮೊರಿಸ್ ಲೆಮ್ವಾನ್ ಬ್ಯಾಕ್ಟೀರಿಯಾದ ಒಡಲಲ್ಲಿ ಪ್ಲಾಸ್ಟಿಕ್ಕಿನಂಥದೊಂದು ವಸ್ತುವನ್ನು ಗುರುತಿಸಿದರು. 1990ರಲ್ಲಿ ಜರ್ಮನಿಯಲ್ಲಿ ಅದರ ಶಾಂಪೂ ಬಾಟಲಿ ಮಾರಾಟಕ್ಕೆ ಬಂತು. ಈಗ ಹೆಚ್ಚು ಬಳಕೆಯಲ್ಲಿರುವ, ಮೆಕ್ಕೆಜೋಳ-ಕಬ್ಬಿನಿಂದ ಮಾಡುವ ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ಕಿನ ಲೋಟ ಸುಮಾರು 58 ಡಿಗ್ರಿ ಶಾಖವೂ ತೇವವೂ ಸಿಕ್ಕರೆ ಕೆಲವೇ ತಿಂಗಳಲ್ಲಿ ಗೊಬ್ಬರವಾಗುತ್ತದೆ. ತಣ್ಣನೆಯ ಚರಂಡಿಯಲ್ಲಿ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ.

ಗಿಡದಿಂದ ಬಂದದ್ದು ಮಣ್ಣಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು ಎಂದು ಕೇಳುವವರಿದ್ದಾರೆ. ಕಚ್ಚಾ ತೈಲ ಉಳಿಯುತ್ತದೆ ಎಂಬಷ್ಟು ಮಟ್ಟಿಗೆ ಅವರ ಮಾತು ಸರಿ. ಆದರೆ ಕಬ್ಬಿನಿಂದಲೇ ತಯಾರಾಗುವ ಪಾಲಿಥೀನ್ ಕೊಳೆಯುವುದಿಲ್ಲ. ಹುಟ್ಟು ಒಂದಾದರೆ ಸಾವೂ ಒಂದೇ ಆಗಬೇಕಿಲ್ಲ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ಭಾರತದಲ್ಲಿ 2022ರ ಜುಲೈ 1ರಂದು ಜಾರಿಗೆ ಬಂದ ನಿಷೇಧ ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿಗೆ ವಿನಾಯಿತಿ ಕೊಟ್ಟಿತು. ಅದನ್ನು ಗೊಬ್ಬರದ ಬಿಸಿ ರಾಶಿಯವರೆಗೆ ಒಯ್ಯುವ ದಾರಿಯನ್ನೂ ಅಷ್ಟೇ ಕಾಳಜಿಯಿಂದ ಕಟ್ಟಬೇಕು. ಕಸ ಆಯುವ ಹೆಂಗಸಿನ ಕೈಯಲ್ಲಿ ಪಿಎಲ್‌ಎ ಲೋಟವೂ ಮಾಮೂಲಿ ಪ್ಲಾಸ್ಟಿಕ್ ಲೋಟವೂ ಒಂದೇ ತೆರನಾಗಿ ಹೊಳೆಯುತ್ತವೆ, ಮತ್ತು ಅವು ಬೆರೆತರೆ ಆಕೆ ಮಾರುವ ಗುಜರಿಯ ಬೆಲೆಯೇ ಇಳಿಯುತ್ತದೆ.